ನೆಲದ ಮೇಲಿನ ಡೈಮನ್ ಏಳು

ಪ್ರಾಥಮಿಕ ಗಣಿತ ಬೋಧನೆಯ ಕ್ಷೇತ್ರದಲ್ಲಿ ಗ್ರಂಥ ಬರೆದವರುಂಟು, ಭಾಷಣ ಬಿಗಿದವರುಂಟು, ಬೆತ್ತ ಹಿಡಿದವರಂತೂ ಲೆಕ್ಕಕ್ಕೆ ಸಿಗದಷ್ಟು. ಆದರೆ ಒಂದು ಕಟ್ಟು ಇಸ್ಪೀಟೆಲೆ ಹಿಡಿದು ಮೂವತ್ತೈದು ವರ್ಷ ಮಕ್ಕಳಿಗೆ ಕೂಡುವ, ಕಳೆಯುವ ವಿದ್ಯೆಯನ್ನು ಧಾರೆಯೆರೆದವರು, ನಮ್ಮ ಕೆಲಿಬಿಯಾ ಪಟ್ಟಣದ ಮಟ್ಟಿಗೆ, ಮಾನ್ಯ ಮುಫೀದಾ ಸ್ಲೈಮಿಯವರೊಬ್ಬರೇ. ಶಿಷ್ಯರ ಬಾಯಲ್ಲಿ ಅವರು ಎಂದೆಂದಿಗೂ ‘ಅನಿಸ್ತಿ’, ಅಂದರೆ ‘ನಮ್ಮ ಟೀಚರಮ್ಮ’. ಇಂದು ಬಂದರಿನ ಶಾಲೆಯಿಂದ ನಿವೃತ್ತರಾಗುತ್ತಿರುವ ಅವರ ಕುರಿತು ಈ ಅಭಿನಂದನ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ, ಅವರ ಶಿಷ್ಯರಲ್ಲೇ ಅತ್ಯಂತ ದಡ್ಡಿಯಾಗಿದ್ದ ನನಗೆ ಒದಗಿದೆ. ಸಂಪಾದಕರು ಯೋಚಿಸಿಯೇ ಆರಿಸಿರಬೇಕು.

ಅವರು ಶಾಲೆಗೆ ಬಂದಾಗ ಇಪ್ಪತ್ತೈದರ ಪ್ರಾಯ. ಇಸ್ಪೀಟೆಂದರೆ ಕಾಫಿ ಅಂಗಡಿಯ ಗಂಡಸರ ಆಸ್ತಿಯೆಂದು ಊರು ನಂಬಿದ್ದ ಕಾಲದಲ್ಲಿ, ಈ ಹೆಣ್ಣುಮಗಳು ಮೂರನೆಯ ತರಗತಿಯ ಮೇಜಿನ ಮೇಲೆ ಶ್ಕೊಬ್ಬಾ ಆಟ ಹರಡಿದರು. ನಲವತ್ತು ಎಲೆಯ ಆಟ. ಎಲೆಗಳನ್ನು ಬಿಚ್ಚಿಡುವ ಜಾಗ ಮೇಜೇ ಆದರೂ ಆಟದಲ್ಲಿ ಅದಕ್ಕೆ ‘ನೆಲ’ವೆಂದೇ ಹೆಸರು. ಕೈಯಲ್ಲಿ ಏಳಿದ್ದರೆ ನೆಲದ ಮೇಲಿನ ನಾಲ್ಕು ಮತ್ತು ಮೂರನ್ನು ಕೂಡಿಸಿ ಎತ್ತಬಹುದು. ಆದರೆ ನೆಲದ ಮೇಲೇ ಒಂದು ಏಳಿದ್ದರೆ ಅದನ್ನಷ್ಟೇ ಎತ್ತಬೇಕು. ನಾಲ್ಕು ಮೂರನ್ನು ಮುಟ್ಟುವಂತಿಲ್ಲ. ಎಲೆಗಳಲ್ಲೆಲ್ಲ ಬೆಲೆಯುಳ್ಳದ್ದು ಡೈಮನ್ ಏಳು, ಗೆದ್ದವರಿಗೆ ಅದೊಂದಕ್ಕೇ ಒಂದು ಅಂಕ. ರಾಣಿ ಎಂಟು, ಗುಲಾಮ ಒಂಬತ್ತು, ರಾಜ ಹತ್ತು. ರಾಣಿಗಿಂತ ಗುಲಾಮ ಹೆಚ್ಚು ಹೇಗೆಂದು ಕೇಳಿದ ಹುಡುಗಿಯರಿಗೆ ಅನಿಸ್ತಿ ಇಂದಿಗೂ ಉತ್ತರ ಕೊಟ್ಟಿಲ್ಲ.

ನನಗೆ ಮಾತ್ರ ಯಾವ ಮೊತ್ತವೂ ತಲೆಗೆ ಹತ್ತುತ್ತಿರಲಿಲ್ಲ. ಒಂದು ಸಂಜೆ ಅನಿಸ್ತಿಯವರು ನಮ್ಮ ಮನೆಗೇ ಬಂದು, ಅಂಗಳದಲ್ಲಿ ಮೆಣಸಿನಕಾಯಿ ಪೋಣಿಸುತ್ತಿದ್ದ ನನ್ನ ಅಜ್ಜಿ ಮನ್ನೂಬಿಯಾ ಅವರ ಪಕ್ಕ ಚಾಪೆಯ ಮೇಲೆ ಕುಳಿತರು.

“ಹಾಜ್ಜಾ ಅಮ್ಮ, ದಿನಾ ಇವಳ ಜೊತೆ ಮೂರಾಟ ಆಡಿ. ಕನಿಕರ ತೋರಿಸ್ಬೇಡಿ.”

“ಕನಿಕರಾನಾ? ನನ್ನ ಗಂಡನಿಗೇ ತೋರ್ಸಿಲ್ಲ ಅದನ್ನ!”

ಅಜ್ಜಿ ಅಕ್ಷರ ಕಲಿತವರಲ್ಲ, ಆದರೆ ಬಿದ್ದ ಎಲೆ ಮರೆತವರೂ ಅಲ್ಲ. ಒಮ್ಮೆ ನಾನು ನೆಲದ ಏಳನ್ನು ಬಿಟ್ಟು ನಾಲ್ಕು ಮೂರಕ್ಕೆ ಕೈ ಹಾಕಿದಾಗ ಬೆರಳಿನ ಮೇಲೆ ಫಟೀರೆಂದು ಏಟು ಬಿತ್ತು. “ಏಳು ಕಣ್ಣಿಗೆ ಹೊಡೀತಾ ಕೂತಿದೆ, ಅದನ್ನ ಬಿಟ್ಟು ಇದನ್ನ ಗೋರ್ಕೊಳ್ತೀಯಾ? ನಿಮ್ಮಪ್ಪನ ಮನೆ ಗಂಟೇನೇ?” ಅದು ನಮ್ಮಪ್ಪನ ಮನೆಯೇ ಆಗಿತ್ತೆಂಬುದನ್ನು ಹೇಳುವ ಧೈರ್ಯ ನನಗಿರಲಿಲ್ಲ. ನಿಯಮ ಮಾತ್ರ ಮೂಳೆಗಿಳಿಯಿತು.

ಆ ವಸಂತದಲ್ಲಿ ಇನ್‌ಸ್ಪೆಕ್ಟರರು ಬಂದರು. ಅನಿಸ್ತಿಯವರ ನೌಕರಿ ಕಾಯಂ ಆಗುವುದೂ ಬಿಡುವುದೂ ಆ ಒಂದು ಗಂಟೆಯ ಮೇಲೆ ನಿಂತಿತ್ತು. ಹಿರಿಯ ಉಪಾಧ್ಯಾಯರು “ಆ ಎಲೆಗಳನ್ನ ಮನೇಲಿ ಬಿಟ್ಟು ಬಾ ತಾಯಿ” ಎಂದು ಮೊದಲೇ ಬೇಡಿಕೊಂಡಿದ್ದರು. ಅತಿಥಿಗಳು ಒಂದು ದಿನ ಮುಂಚೆಯೇ ಬಂದುಬಿಟ್ಟರೆ ಯಾರೇನು ಮಾಡಲು ಸಾಧ್ಯ? ಬಾಗಿಲಲ್ಲಿ ಬೂಟಿನ ಸದ್ದಾದಾಗ ಅನಿಸ್ತಿಯವರು ಕೈಲಿದ್ದ ಕಟ್ಟನ್ನು ಖಾನೆಗೆ ತುರುಕಿ, ಮೇಜಿನ ಮೇಲೆ ಹರಡಿದ್ದ ಎಲೆಗಳ ಮೇಲೆ ಹಾಜರಿ ಪುಸ್ತಕವನ್ನು ಮುಚ್ಚಿಟ್ಟರು. ನಾನು ಹಿಂದಿನ ಬೆಂಚಿನವಳು. ಅಲ್ಲಿ ಯಾವ ಎಲೆ ಬಿದ್ದಿತ್ತೆಂದು ನನಗೆ ಕಂಡಿರಲಿಲ್ಲ.

ಇನ್‌ಸ್ಪೆಕ್ಟರರ ಬೆರಳು ನೇರವಾಗಿ ನನ್ನನ್ನೇ ತೋರಿಸಿತು. “ನಾಲ್ಕು, ಮೂರು ಸೇರಿದ್ರೆ ಎಷ್ಟಮ್ಮ?”

ನಾನು ಎದ್ದು ನಿಂತು ವಿನಯದಿಂದ ಕೇಳಿದೆ: “ನೆಲದ ಮೇಲೆ ಏಳು ಇದೆಯಾ, ಸೀದಿ?”

“ಏನಂದೆ?”

“ಏಳು ಇದ್ರೆ ನಾಲ್ಕು ಮೂರು ಸೇರ್ಸೋ ಹಾಗಿಲ್ಲ, ಸೀದಿ. ಅಜ್ಜಿ ಹೊಡೀತಾರೆ.”

ಇನ್‌ಸ್ಪೆಕ್ಟರರು ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡವರು ನಕ್ಕ ಮೇಲೆ ತರಗತಿಯೂ ನಕ್ಕಿತು. “ಮೂರನೇ ತರಗತಿಯಂತೆ! ಈ ಬುದ್ಧಿವಂತೇನ ಒಂದನೇ ತರಗತಿಗೆ ದಬ್ಬಿ” ಎಂದರು. ನನಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು.

ಅನಿಸ್ತಿಯವರು ಸುಮ್ಮನಿದ್ದಿದ್ದರೆ ಎಲ್ಲವೂ ಸುಸೂತ್ರವಾಗುತ್ತಿತ್ತು. ಒಬ್ಬಳು ದಡ್ಡಿ ಯಾವ ತರಗತಿಯಲ್ಲಿರುವುದಿಲ್ಲ? ಅವರು ಸುಮ್ಮನಿರಲಿಲ್ಲ. ಎರಡೂ ಕೈಯಿಂದ ಹಾಜರಿ ಪುಸ್ತಕವನ್ನೆತ್ತಿ ಪಕ್ಕಕ್ಕಿಟ್ಟರು. ಮೇಜಿನ ಮೇಲೆ ಒಂದು ನಾಲ್ಕು, ಒಂದು ಮೂರು, ನಡುವೆ ಡೈಮನ್ ಏಳು.

“ಇದೆ ಹೆಂದಾ, ಏಳು ಇದೆ” ಎಂದರು. “ನೀನು ಹೇಳಿದ್ದೇ ಸರಿ. ಈಗ ಸೀದಿಯವರಿಗೆ ಮೊತ್ತಾನೂ ಹೇಳು.”

“ಏಳು” ಎಂದೆ. ಯಾರೂ ನಗಲಿಲ್ಲ.

ಕಟ್ಟು ಜಪ್ತಿಯಾಯಿತು, ಶಾಲೆಯಲ್ಲಿ ಇಸ್ಪೀಟು ನಿಷಿದ್ಧವಾಯಿತು, ನೌಕರಿ ಕಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಯಿತು. ಇನ್‌ಸ್ಪೆಕ್ಟರರು ಚೀಲಕ್ಕೆ ಹಾಕಿಕೊಂಡಿದ್ದು ಮೂವತ್ತೊಂಬತ್ತೇ ಎಲೆ. ಡೈಮನ್ ಏಳನ್ನು ಅನಿಸ್ತಿಯವರು ಅಷ್ಟರಲ್ಲೇ ನನ್ನ ಅಂಗೈಗೆ ದಾಟಿಸಿದ್ದರು. ಆ ಕಟ್ಟಿನಲ್ಲಿ ಇನ್‌ಸ್ಪೆಕ್ಟರರು ಮನೆಯವರೊಡನೆ ಎಂಥ ಆಟ ಆಡಿದರೋ ದೇವರೇ ಬಲ್ಲ.

ಶಾಲೆಯಲ್ಲಿ ತಾನೆ ಬೇಡವೆಂದದ್ದು? ಅನಿಸ್ತಿಯವರು ಆ ಬೇಸಿಗೆಯಿಡೀ ಮನೆಮನೆ ಹತ್ತಿಳಿದು ಊರಿನ ಅಜ್ಜಿಯರನ್ನೆಲ್ಲ ಉಪಾಧ್ಯಾಯಿನಿಯರನ್ನಾಗಿ ನೇಮಿಸಿಬಿಟ್ಟರು. ಮನೆಪಾಠದ ಪುಸ್ತಕದಲ್ಲಿ ‘ಮೂರಾಟ ಆಡಿದೆವು’ ಎಂಬುದಕ್ಕೆ ಅಜ್ಜಿಯರ ಹೆಬ್ಬೆಟ್ಟು ಬೀಳತೊಡಗಿತು. ನಮ್ಮಜ್ಜಿಯಂತೂ ‘ಇವಳು ಮೋಸ ಮಾಡಿದಳು’ ಎಂದು ನನ್ನ ಕೈಯಲ್ಲೇ ಬರೆಸಿ ಕೆಳಗೆ ಹೆಬ್ಬೆಟ್ಟೊತ್ತುತ್ತಿದ್ದರು. ಅವರ ಕೈಯಲ್ಲಿ ಪಳಗಿದ ನಾನು ಇಂದು ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ.

ಆ ಒಂದು ವರ್ಷದ ಹೊರೆ ಮಾತ್ರ ನನ್ನ ಎದೆಯಿಂದ ಇಳಿದಿರಲಿಲ್ಲ. ಹೋದ ತಿಂಗಳು ಕೇಳಿಯೇಬಿಟ್ಟೆ: “ಪುಸ್ತಕ ಯಾಕೆ ಎತ್ತಿದ್ರಿ ಅನಿಸ್ತಿ? ನನ್ನಿಂದ ನಿಮಗೆ ಒಂದು ವರ್ಷ ಹೋಯ್ತಲ್ಲ.”

“ಎತ್ತದೆ ಇದ್ದಿದ್ರೆ ನಿನಗೆ ಎಷ್ಟು ವರ್ಷ ಹೋಗ್ತಿತ್ತೋ” ಎಂದರು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತ, “ಅದೂ ಅಲ್ದೆ, ನಿಮ್ಮಜ್ಜಿಗೆ ಯಾವ ಮುಖ ತೋರಿಸ್ಲಿ ನಾನು?”

ಪೂಜ್ಯ ಅನಿಸ್ತಿಯವರು ಆಯುರಾರೋಗ್ಯದಿಂದ ನೂರ್ಕಾಲ ಬಾಳಲಿ. ನಿವೃತ್ತಿಯೆಂಬುದು ಅವರಿಗೆ ಚಾಪೆ ಬದಲಿಸಿ ಕೂರುವಷ್ಟೇ ಆಗಲಿ. ಇನ್ನೂ ಹುಟ್ಟದ ದಡ್ಡರೂ ಅವರೆದುರು ಕೂತು ಸೋಲುವಂತಾಗಲಿ. ಅಂದು ಅವರು ಕೊಟ್ಟ ಎಲೆಯನ್ನು ಈ ಸಂಪುಟದ ಮೊದಲ ಪುಟದಲ್ಲಿರಿಸಿ ಒಪ್ಪಿಸುತ್ತಿದ್ದೇನೆ. ಅಂಚು ಸವೆದಿದೆ, ಬಣ್ಣ ಮಾಸಿದೆ. ಆದರೆ ಇದೆ, ಅನಿಸ್ತಿ. ಏಳು ಇದೆ.