ಪೆಡಲಿಗಿಟ್ಟ ಕುಂಕುಮ

ನಮ್ಮ ಯಜಮಾನರ ಕಾಲು ಬಲು ಮೆತ್ತಗೆ ಎಂದು ಸಾದಲಿಯಿಂದ ಶಿಡ್ಲಘಟ್ಟದವರೆಗೂ ಹೆಸರಿತ್ತು. ಕಾಲು ಎಂದರೆ ಬಸ್ಸಿನ ಆಕ್ಸಿಲರೇಟರ್ ತುಳಿಯುವ ಬಲಗಾಲು. ತುಂಬುಬಸುರಿಯರು ಆಸ್ಪತ್ರೆಗೆ ಹೋಗಬೇಕಾದರೆ ಬೇರೆ ಬಸ್ಸು ಬಿಟ್ಟು ಇವರ ಬಸ್ಸಿಗೇ ಕಾಯುತ್ತಿದ್ದರು. ಮನೆಯಲ್ಲಿ ಮಾತ್ರ ಆ ಕಾಲಿಗೆ ಬಹಳ ಗತ್ತು. ಬಂದವರೇ ಚಾಪೆಯ ಮೇಲೆ ಚಾಚಿ, "ಬಿಸಿನೀರು ತಾರೇ" ಎನ್ನುತ್ತಿದ್ದರು. ನಾನು ಗೊಣಗಿಕೊಂಡೇ ತಂದುಕೊಡುತ್ತಿದ್ದೆ.

ಅರವತ್ತರ ದಶಕದ ಮೊದಲ ವರ್ಷಗಳವು. ಬಸ್ಸು ಖಾಸಗಿ ಮಾಲೀಕರದು, ಅವರ ಶೆಡ್ಡು ನಮ್ಮ ಹಿತ್ತಿಲಿಗೆ ಅಂಟಿಕೊಂಡೇ ಇತ್ತು. ಆಯುಧಪೂಜೆ ಬಂದರೆ ಹೊರಮೈಯನ್ನು ಕ್ಲೀನರ್ ತೊಳೆಯುತ್ತಿದ್ದ. ಡ್ರೈವರ್ ಸೀಟು, ಸ್ಟಿಯರಿಂಗು, ಮೂರು ಪೆಡಲು, ಇವಿಷ್ಟನ್ನು ನಾನೇ ತೊಳೆದು ಅರಿಶಿನ ಕುಂಕುಮ ಇಡಬೇಕು. ಗಂಡ ಅನ್ನ ದುಡಿಯುವ ಜಾಗಕ್ಕೆ ಹೆಂಡತಿಯ ಕೈಯೇ ಆಗಬೇಕು ಎನ್ನುವುದು ನಮ್ಮತ್ತೆಯ ಕಟ್ಟಳೆ. ಸೊಸೆಯ ಸೊಂಟ ಬಿದ್ದುಹೋದರೂ ಆ ಕಟ್ಟಳೆ ಬೀಳುವಂತಿರಲಿಲ್ಲ.

ಒಂದು ಬೆಳಿಗ್ಗೆ ಸಾದಲಿ ಕಡೆಯಿಂದ ರೇಷ್ಮೆಗೂಡಿನ ಚೀಲಗಳನ್ನು ಎಂದಿನಂತೆ ತಮ್ಮ ಸೀಟಿನ ಪಕ್ಕಕ್ಕೂ ಒಟ್ಟಿಕೊಂಡು ಬರುತ್ತಿದ್ದರು. ಊರು ಸಮೀಪಿಸಿತೆಂದು ಕಾಲು ತೆಗೆದರೆ ಪೆಡಲು ಮೇಲೆ ಬರಲಿಲ್ಲ. ಬಸ್ಸು ಇನ್ನಷ್ಟು ಜೋರಾಗಿ ನುಗ್ಗಿತು. ಬ್ರೇಕಿನ ಮೇಲೆ ಎದ್ದು ನಿಂತರೂ ಆ ಓಟಕ್ಕೆ ಬ್ರೇಕು ಸಾಲಲಿಲ್ಲ. ಹಾರ್ನ್ ಒತ್ತಿದರು, ಕೂಗಿದರು. ಸ್ವಿಚ್ ಆರಿಸಿ ಬಸ್ಸು ನಿಲ್ಲುವಷ್ಟರಲ್ಲಿ, ಕೆರೆ ಏರಿಯ ತುದಿಯಲ್ಲಿ ಹೂವು ಮಾರುತ್ತಿದ್ದ ಅಜ್ಜಿ ಚಕ್ರಕ್ಕೆ ಸಿಕ್ಕಿದ್ದಳು. ಶುಕ್ರವಾರ ನನ್ನ ತಲೆಗೆ ಹೂವು ಬರುತ್ತಿದ್ದುದು ಅವಳ ಬುಟ್ಟಿಯಿಂದಲೇ. ಪಾಪ, ಅಲ್ಲೇ ಪ್ರಾಣ ಹೋಯಿತು.

"ನಾನು ತುಳೀಲಿಲ್ಲ ಕಣೇ. ಕಾಲು ತೆಗೆದಿದ್ದೆ. ಅದೇ ಓಡ್ತು."

ಮನೆಗೆ ಬಂದು ಅವರು ಹೇಳಿದ್ದು ಇಷ್ಟೇ. ಪೊಲೀಸರಿಗೂ ಇದನ್ನೇ ಹೇಳಿದರು, ಗಾಡಿಯಲ್ಲೇ ದೋಷವಿದೆ, ಪರೀಕ್ಷೆ ಮಾಡಿಸಿ ಎಂದು ಸರ್ಕಾರಕ್ಕೂ ಅರ್ಜಿ ಬರೆದರು. ಹೋಟೆಲಿನಲ್ಲಿ ಜನ ನಕ್ಕರು. "ಎತ್ತು ಬೆದರಿ ಓಡೋದು ಕೇಳಿದ್ದೀವಿ, ಬಸ್ಸು ತಾನೇ ಓಡುತ್ತೇನಪ್ಪಾ? ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ." ಹಾಗೆ ಅಂದವರೆಲ್ಲ ಇವರ ಬಸ್ಸಿನಲ್ಲೇ ಓಡಾಡಿದವರು. ನನಗೆ ಅವರ ಬಾಯಿಗೆ ಬೂದಿ ಹಾಕುವಷ್ಟು ಸಿಟ್ಟು ಬಂದಿತ್ತು. ಯಜಮಾನರು ಮಾತ್ರ ಕೋಲಾರದಿಂದ ಬರುವ ಬ್ರೇಕ್ ಇನ್‌ಸ್ಪೆಕ್ಟರನ್ನೇ ದೇವರೆಂದು ನಂಬಿ ಕೂತರು. ಗಾಡಿ ಪರೀಕ್ಷಿಸುವ ಅಧಿಕಾರಿಯನ್ನು ಜನ ಕರೆಯುತ್ತಿದ್ದುದೇ ಹಾಗೆ. "ಅವರು ಪೆಡಲು ನೋಡಿದ್ರೆ ತಿಳಿಯುತ್ತೆ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ಬಸ್ಸನ್ನು ಶೆಡ್ಡಿಗೆ ಎಳೆದು ತಂದರು. ಸ್ಟಾರ್ಟ್ ಮಾಡಬೇಡಿ, ರಿಪೇರಿ ಮಾಡಬೇಡಿ ಎಂದು ಪೊಲೀಸರು ಹೇಳಿಹೋದರು. ನಾವು ಎರಡನ್ನೂ ಮಾಡಲಿಲ್ಲ.

ಅಧಿಕಾರಿ ಬರುವ ಹಿಂದಿನ ದಿನ ನಮ್ಮತ್ತೆ, "ಅಯ್ಯೋ ದೇವುಡಾ, ಜೀವ ತಗೊಂಡ ಗಾಡಿ. ಮೈಲಿಗೇಲೇ ದೊಡ್ಡೋರನ್ನ ಹತ್ತಿಸ್ತೀರಾ? ನಿನ್ನ ಗಂಡಂಗೆ ಒಳ್ಳೇದಾಗಬೇಕಾದ್ರೆ ತೊಳಿ, ಹೋಗು" ಎಂದರು. ನನಗೂ ಸರಿ ಎನಿಸಿತು. ತೊಳೆದು ಪೂಜೆ ಮಾಡುವುದನ್ನು ರಿಪೇರಿ ಎಂದು ನಮ್ಮ ಕಡೆ ಯಾರಾದರೂ ಅಂದುಕೊಳ್ಳುತ್ತಾರೆಯೇ? ಯಜಮಾನರು ಠಾಣೆಗೆ ಹೋಗಿದ್ದರು. ನಾನು ಸೀಗೆಪುಡಿ, ತೆಂಗಿನ ನಾರು ಹಿಡಿದು ಹತ್ತಿದೆ. ಆಕ್ಸಿಲರೇಟರಿನ ಕೆಳಗೆ, ಕಂಬಿ ನೆಲದೊಳಕ್ಕೆ ಇಳಿಯುವ ಕಡೆ, ಏನೋ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಬೆರಳು ತೂರಿಸಿ ಎಳೆದೆ. ರೇಷ್ಮೆಗೂಡಿನ ಮೈಮೇಲಿನ ಸಡಿಲ ಎಳೆಗಳು ಗ್ರೀಸು, ಧೂಳು ಕುಡಿದು ಜಡೆಗಟ್ಟಿದ್ದವು. ಥೂ, ಎಷ್ಟು ಗಲೀಜು ಎಂದು ಕ್ಲೀನರಿಗೆ ಬೈದು ಅದನ್ನು ತಿಪ್ಪೆಗೆ ಎಸೆದೆ. ಕಂಬಿಗೆ ಹರಳೆಣ್ಣೆ ಸವರಿದೆ, ಪೆಡಲಿಗೆ ಕುಂಕುಮ ಇಟ್ಟೆ, ನನ್ನ ಗಂಡನ ಮಾತು ಉಳಿಸಪ್ಪಾ ಎಂದು ಕೈಮುಗಿದೆ.

ಮರುದಿನ ನಾನೂ ಅತ್ತೆಯೂ ಬೇಲಿಯ ಈಚೆ ನಿಂತಿದ್ದೆವು. ಅಧಿಕಾರಿ ಪೆಡಲನ್ನು ಕೈಯಿಂದ ಒತ್ತಿದರು. ಎದ್ದು ಬಂತು. ಮತ್ತೆ ಒತ್ತಿದರು, ಮತ್ತೆ ಬಂತು. ಎಷ್ಟು ಸಲ ಒತ್ತಿದರೂ ಒಂದು ಸಲವಾದರೂ ಸಿಕ್ಕಿಕೊಳ್ಳಲಿಲ್ಲ. ಅವರ ಬೆರಳಿಗೆ ಕುಂಕುಮ ಹತ್ತಿತು.

"ಇದನ್ನ ಯಾರು ತೊಳೆದಿದ್ದು? ಕೆಳಗೆ ಏನಾದ್ರೂ ಸಿಕ್ಕಿಕೊಂಡಿತ್ತಾ?"

"ಪೂಜೆ ಮಾಡಿದ್ದಾರೆ ಸಾರ್, ನಮ್ಮಲ್ಲಿ ಪದ್ಧತಿ. ಸಿಕ್ಕಿಕೊಂಡಿದ್ದು ನಂಗೊತ್ತಿಲ್ಲ" ಎಂದರು ಯಜಮಾನರು.

ನನಗೆ ಗೊತ್ತಿತ್ತು. ಆ ಕ್ಷಣದಲ್ಲಿ ಎಲ್ಲವೂ ಗೊತ್ತಾಯಿತು. ನಾಲ್ಕು ಬೀದಿಗೆ ಕೇಳುವ ಬಾಯಿ ನನ್ನದು, ಅಂದು ಬೇಲಿ ದಾಟಲಿಲ್ಲ. ಅಧಿಕಾರಿಯ ಮುಂದೆ ಹೋಗಿ ನಾನೇ ಕಿತ್ತೆಸೆದೆ ಎನ್ನಲು ಧೈರ್ಯ ಬರಲಿಲ್ಲ. ಅವರೆಲ್ಲ ಹೋದ ಮೇಲೆ ತಿಪ್ಪೆಗೆ ಓಡಿದೆ. ಬೆಳಿಗ್ಗೆಯೇ ಗೊಬ್ಬರದ ಗಾಡಿ ತುಂಬಿಸಿ ಹೊಲಕ್ಕೆ ಹೊಡೆದಿದ್ದರು.

ಗಾಡಿಯಲ್ಲಿ ದೋಷ ಕಾಣಲಿಲ್ಲ, ಡ್ರೈವರನ ಅಜಾಗರೂಕತೆ ಎಂದು ವರದಿ ಬಂತು. ಲೈಸೆನ್ಸು ಹೋಯಿತು. ಯಜಮಾನರು ರೇಷ್ಮೆನೂಲು ಬಿಚ್ಚುವ ಫಿಲೇಚರಿಗೆ ಕೂಲಿಗೆ ಸೇರಿದರು. ಮೊದಮೊದಲು ವರದಿ ಬರೆದವರನ್ನು ಬೈಯುತ್ತಿದ್ದರು. ಬರಬರುತ್ತಾ ಅದೂ ನಿಂತಿತು. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ನಾನು ಎರಡು ವರ್ಷ ತಳ್ಳಿದೆ. ನನ್ನ ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಒಂದು ಸಂಜೆ ಚಾಪೆಯ ಮೇಲೆ ಆ ಬಲಗಾಲನ್ನೇ ನೋಡುತ್ತಾ ಕೂತವರು, "ಸರ್ಕಾರದೋರು ಸುಮ್ನೆ ಬರೀತಾರಾ? ಗಾಬರೀಲಿ ನಾನೇ ತುಳಿದಿರಬೇಕು ಕಣೇ. ಪಾಪ, ಆ ಮುದುಕಿ" ಎಂದರು.

ಅವರ ಅಂಗಿಯ ತೋಳಿಗೆ ಗೂಡಿನ ಎಳೆ ಅಂಟಿತ್ತು. ಅದನ್ನು ಬಿಡಿಸಿ ಅವರ ಅಂಗೈಯಲ್ಲಿಟ್ಟು ಎಲ್ಲವನ್ನೂ ಹೇಳಿದೆ. ಬೈಯಲಿ, ಹೊಡೆಯಲಿ, ನಂಬಿದರೆ ಸಾಕು ಎಂದು ಅಳುತ್ತಾ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ನನ್ನ ಸಮಾಧಾನಕ್ಕೆ ಇಷ್ಟು ದೊಡ್ಡ ಕತೆ ಕಟ್ಟಿದ್ಯಲ್ಲೇ. ಹೋಗ್ಲಿ ಬಿಡು, ಅಳಬೇಡ" ಎಂದರು.

ಎಷ್ಟು ಆಣೆ ಇಟ್ಟರೂ ನಂಬಲಿಲ್ಲ. ಕಣ್ಣು ಮುಚ್ಚುವವರೆಗೂ ತಾವೇ ತುಳಿದದ್ದು ಎಂದುಕೊಂಡೇ ಇದ್ದರು.