ಹಿರಿಯರು ಏಳುವ ತನಕ

ಏಳುವುದು, ಕೂಡ್ರುವುದು ಒಂದಕ್ಕೊಂದು ವಿರುದ್ಧವೆಂದು ಸಾಲೆಯಲ್ಲಿ ಕಲಿತಿದ್ದೆ. ಸಂಸಾರಕ್ಕೆ ಇಳಿದ ಮೇಲೆ ನೋಡಿದರೆ ಎರಡಕ್ಕೂ ಒಳಗಿಂದೊಳಗೆ ಬಲು ಸಲಿಗೆ. ನೀವೂ ಗಮನಿಸಿರಬೇಕು: ಹೊಸ ಕಟ್ಟಡ ಎದ್ದಿತೆಂದರೆ ಶುರುವಾಯಿತು, ಸಂತೆ ಎದ್ದಿತೆಂದರೆ ಮುಗಿಯಿತು. ಗಂಟಲು ಕೂತರೆ ಮಾತು ನಿಲ್ಲುತ್ತದೆ; ನಾನು ಕೂತರೆ ಮಾತು ಶುರುವಾಗುತ್ತದೆ. ಕಟ್ಟೆಯ ಮೇಲೆ ಸುಮ್ಮನೆ ಕೂತವನನ್ನು ‘ಊಟಕ್ಕ ಏಳ್ರಿ’ ಎಂದು ಎಬ್ಬಿಸಿ, ಒಳಗೆ ಕರೆದೊಯ್ದು ಮತ್ತೆ ಕೂಡ್ರಿಸುತ್ತೇವೆ. ಇಷ್ಟೆಲ್ಲ ಬಲ್ಲ ನಾನೇ, ಏಳಬೇಕಾದಲ್ಲಿ ಕೂತು ಒಂದು ಪಾಪ ಕಟ್ಟಿಕೊಂಡೆ.

ತೊಂಬತ್ತರ ದಶಕದ ಮಾತು. ಇಂಡಿ ಎಂಬ ಊರಿನಲ್ಲಿರುವ ನನ್ನ ತಂಗಿಯ ಮಗಳಿಗೆ ಗೊಳಸಂಗಿಯ ಗೌಡರ ಮಗನನ್ನು ಗೊತ್ತು ಮಾಡುವುದಿತ್ತು. ಹುಡುಗ ಹುಡುಗಿ ಒಪ್ಪಿದ್ದರು. ತಂಗಿಯ ಮನೆಯಲ್ಲಿ ಊಟವಾದ ಮೇಲೆ ಗೌಡರು ‘ಹೂಂ’ ಅನ್ನುವುದೊಂದೇ ಬಾಕಿ. ಪಂಕ್ತಿಯಲ್ಲಿ ಎಲ್ಲರಿಗಿಂತ ಹಿರಿಯನು ಏಳುವ ತನಕ ಯಾರೂ ಏಳಬಾರದೆಂಬುದು ನಮ್ಮಲ್ಲಿನ ರೂಢಿ. ಅದರಲ್ಲೂ ಗಂಡಿನ ಕಡೆಯವರು ಮೊದಲೇ ಎದ್ದರೆ ಸಂಬಂಧವೇ ಬೇಡವೆಂದಂತೆ. ಆವತ್ತು ಗೌಡರಿಗಿಂತ ಎರಡು ವರ್ಷ ದೊಡ್ಡವನಾದ ತಪ್ಪಿಗೆ ಆ ಹಿರಿತನ ಮೊದಲ ಬಾರಿ ನನ್ನ ಪಾಲಿಗೆ ಬಂದಿತ್ತು. ಮ್ಯಾಟ್ರಿಕ್‌ಗೆ ಓದು ಮುಗಿಸಿದ ನನಗೆ ಜೀವನದಲ್ಲಿ ದೊರೆತ ಏಕೈಕ ಅಧ್ಯಕ್ಷ ಪದವಿ ಅದು. ಮಜ್ಜಿಗೆ ಕುಡಿದಾದ ಮೇಲೂ ಬಿಟ್ಟುಕೊಡುವ ಮನಸ್ಸಾಗದೆ, ಇಂಡಿಯ ನಿಂಬೆಹಣ್ಣಿನ ಗುಣಗಾನಕ್ಕೆ ತೊಡಗಿದೆ.

ಗೌಡರ ಮುಖ ಬರಬರುತ್ತ ಬಿಗಿಯಿತು, ಹಣೆಯಲ್ಲಿ ಬೆವರೊಡೆಯಿತು. ಬಡಿಸುವ ನೆಪದಲ್ಲಿ ತಂಗಿ ಬಗ್ಗಿ ಪಿಸುಗುಟ್ಟಿದಳು: “ಅಣ್ಣಾ, ಗೌಡ್ರು ಯಾಕೋ ಸಿಟ್ಟಿಗೆದ್ದಾರ. ಸಂಬಂಧ ತಪ್ತೈತಿ ನೋಡು. ಏನರ ಮಾತಾಡಿ ಸಮಾಧಾನ ಮಾಡೋ!”

ಮಾತಾಡು ಎಂದು ನನಗೆ ಹೇಳಬೇಕೆ? ಹುಡುಗಿಯ ಅಡುಗೆ, ಕಸೂತಿ, ನಡೆನುಡಿ ಎಲ್ಲವನ್ನೂ ವರ್ಣಿಸಿದೆ. ಗೌಡರು ಮೊಣಕಾಲು ಅಲ್ಲಾಡಿಸತೊಡಗಿದರು. ಹೊಗಳಿದ್ದು ಸಾಲಲಿಲ್ಲವೆಂದುಕೊಂಡು ನಮ್ಮ ವಂಶದ ಕಥೆಯನ್ನು ಮುತ್ತಜ್ಜನಿಂದ ಆರಂಭಿಸಿದೆ. ತಂಗಿ ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಹಿರ್ಯಾರ,” ಎಂದರು ಗೌಡರು ಹಲ್ಲು ಕಚ್ಚಿ, “ಹುಡುಗಿ ಒಪ್ಗಿ ಐತ್ರಿ. ನಿಮ್ಮ ಮುತ್ತಜ್ಜಾರೂ ಒಪ್ಗಿ ಅದಾರ್ರಿ. ಆದ್ರ ನನಗ ಸಕ್ಕರಿ ಬ್ಯಾನಿ ಐತಿ. ಆಗಿಂದ ಹಿತ್ತಲಕ್ಕ ಹೋಗ್ಬೇಕಾಗೇತಿ. ನಿಮ್ಮ ಕಾಲಿಗಿ ಬೀಳ್ತೇನಿ, ಏಳ್ರೆಪಾ!”

ನಾನು ಎದ್ದೆನೋ ಇಲ್ಲವೋ, ಗೌಡರು ಕೈಯನ್ನೂ ತೊಳೆಯದೆ ಹಿತ್ತಲು ಸೇರಿದ್ದರು. ಎರಡು ಮನೆತನಗಳ ಸಂಬಂಧ ನಿಶ್ಚಯವಾದದ್ದು ಹೀಗೆ, ಓಟದಲ್ಲಿ.

ಪಶ್ಚಾತ್ತಾಪವೆಂಬುದು ಮನಸ್ಸಿನಲ್ಲಿ ಒಮ್ಮೆ ಕೂತರೆ ಸುಲಭಕ್ಕೆ ಏಳುವುದಿಲ್ಲ. ಮದುವೆಯ ದಿನ ಪಂಕ್ತಿಯಲ್ಲಿ ಮತ್ತೆ ನಾನೇ ಹಿರಿಯ, ಪಕ್ಕದಲ್ಲಿ ಗೌಡರು. ಪ್ರಾಯಶ್ಚಿತ್ತಕ್ಕೆಂದು ಬಾಯಿ ಬಿಗಿಹಿಡಿದು ಗಬಗಬ ಉಂಡು, ಎರಡನೆಯ ಹೋಳಿಗೆ ಬರುವ ಮೊದಲೇ ಎದ್ದುಬಿಟ್ಟೆ. ಹಿರಿಯನು ಎದ್ದನೆಂದು ಇಡೀ ಪಂಕ್ತಿ ಅರೆಹೊಟ್ಟೆಯಲ್ಲಿ, ನನ್ನನ್ನು ಕೆಕ್ಕರಿಸಿ ನೋಡುತ್ತ, ಏಳತೊಡಗಿತು. ಗೌಡರು ಮಾತ್ರ ನನ್ನ ಧೋತರ ಹಿಡಿದು ಜಗ್ಗಿದರು.

“ಕೂಡ್ರಿ ಬೀಗರ, ಕೂಡ್ರಿ. ಇವತ್ತ ನಾ ಮೊದ್ಲ ಹಿತ್ತಲಕ್ಕ ಹೋಗಿ ಬಂದ ಕುಂತೇನಿ.”