ನಮ್ಮ ಜಾಗದಲ್ಲಿ ಅವಳ ದಾರಿ

ಶ್ರೀರಾಂಪುರದ ನಮ್ಮ ಮನೆ ರಸ್ತೆಗೇ ಇದೆ. ಮುಂದಿನ ಕೋಣೆಯಲ್ಲಿ ನಾನು ಬಟ್ಟೆ ಹೊಲಿಯುತ್ತೇನೆ. ಹೊರಗೆ ‘ರವಿಕೆ ಹೊಲಿಗೆ, ಸೀರೆ ಕುಚ್ಚು’ ಎಂಬ ಬೋರ್ಡು ಇದೆ. ಸೈಟಿನ ಹಿಂದಿನ ಅರ್ಧವನ್ನು ನಮ್ಮ ಮಾವನವರು ಬಹಳ ಹಿಂದೆಯೇ ಮಾರಿದ್ದರು. ಅಲ್ಲಿರುವ ಮನೆಗೆ ಬೇರೆ ದಾರಿಯಿಲ್ಲ. ನಮ್ಮ ಗೋಡೆಯ ಪಕ್ಕದ ಐದಡಿ ಓಣಿಯಲ್ಲೇ ಓಡಾಡಬೇಕು. ಆ ಮನೆಯನ್ನು ಕೊಂಡು ಬಂದವಳು ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳೂ ಟೈಲರ್.

ಮೊದಮೊದಲು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ರಸ್ತೆಗಿರುವ ನನ್ನನ್ನು ಬಿಟ್ಟು ಓಣಿಯೊಳಗೆ ಯಾರು ಹೋಗುತ್ತಾರೆ ಅಂದುಕೊಂಡಿದ್ದೆ. ಹೋದರು. ನನ್ನ ಕಿಟಕಿಯ ಮುಂದೆಯೇ ಹೋದರು. ಮಿಷನ್ ತುಳಿಯುತ್ತ ಕೂತ ನನಗೆ ಅವರ ಕೈಯ ಬಟ್ಟೆಯ ಚೀಲಗಳು ಕಾಣುತ್ತಿದ್ದವು. ಯಾರ ರವಿಕೆಯೋ, ಯಾವ ಮದುವೆಗೋ ಎಂದು ಯೋಚಿಸುತ್ತ ಹೊಲಿಗೆ ತಪ್ಪುತ್ತಿದ್ದೆ, ಬಿಚ್ಚುತ್ತಿದ್ದೆ. ಅವಳು ಹೊಲಿದ ರವಿಕೆ ಬೀದಿಯಲ್ಲಿ ಕಂಡರೆ ಎಲ್ಲಾದರೂ ಒಂದು ಸುಕ್ಕು ಇದೆಯೇ ಎಂದು ಹುಡುಕುತ್ತಿದ್ದೆ. ಇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ನನ್ನ ನಾದಿನಿ ಸೆರಗಿನೊಳಗೆ ಚೀಲ ಮುಚ್ಚಿಕೊಂಡು ಓಣಿಗೆ ಹೋದಳು. ನಾನು ಈ ಮನೆಗೆ ಬಂದಾಗಿನಿಂದ ಅವಳ ರವಿಕೆಗಳೆಲ್ಲ ನನ್ನ ಕೈಯವೇ. ಮರುದಿನವೇ ವೆಲ್ಡಿಂಗಿನವನನ್ನು ಕರೆಸಿ ಓಣಿಯ ಬಾಯಿಗೆ ಗೇಟು ಇಡಿಸಿ ಬೀಗ ಹಾಕಿದೆ.

ಹಿಂದಿನ ಮನೆಯವಳು ಬಂದು ಕೇಳಿದಳು, “ಯಾಕಕ್ಕ, ಬೀಗ ಹಾಕ್ಬುಟ್ಟಿದ್ದೀರಾ?”

“ನಮ್ಮ ಜಾಗ ಕಣಮ್ಮ. ನಿಮ್ಮನೆಗೆ ಒಂದು ಕೀ ಕೊಡ್ತೀನಿ. ಊರೋರೆಲ್ಲ ಓಡಾಡಕ್ಕಾಗಲ್ಲ.”

“ಜನ ಬರ್ದಿದ್ರೆ ನಾನೆಂಗೆ ಬದುಕ್ಲಿ?”

ಕೀ ಅವಳ ಕೈಗಿಟ್ಟು ಒಳಗೆ ಬಂದೆ. ಜನ ಬರಬಾರದು ಎಂಬುದೇ ನನಗೆ ಬೇಕಾಗಿತ್ತು.

ಅವಳು ಜಗಳಕ್ಕೆ ಬರಲಿಲ್ಲ. ಗಿರಾಕಿಗಳು ಗೇಟಿನ ಆಚೆ ನಿಂತು ಕೂಗುತ್ತಿದ್ದರು, ಅವಳು ಬಂದು ಗೇಟಿನ ಮೇಲಿಂದಲೇ ಚೀಲ ತೆಗೆದುಕೊಳ್ಳುತ್ತಿದ್ದಳು. ಒಬ್ಬರೂ ನನ್ನ ಬಾಗಿಲಿಗೆ ತಿರುಗಲಿಲ್ಲ. ಅದನ್ನು ನೋಡಿ ಹೊಟ್ಟೆ ಇನ್ನೂ ಉರಿಯಿತು. ಕಾನೂನಿನಲ್ಲೇ ಮುಗಿಸಿಬಿಡೋಣ ಎಂದು ಹಳೆಯ ಕ್ರಯಪತ್ರದ ನಕಲು ಹಿಡಿದು ವಕೀಲರ ಹತ್ತಿರ ಹೋದೆ. ಅವರು ಓದಿ ಕನ್ನಡಕ ತೆಗೆದರು.

“ನಿಮ್ಮ ಮಾವನೋರೇ ಬರ್ಕೊಟ್ಟಿದ್ದಾರಲ್ಲಮ್ಮ. ಜಾಗ ನಿಮ್ದೇ, ದಾರಿ ಅವ್ರದ್ದು. ಅವ್ರ ಮನೆಗೆ ಬರೋರ್ಗೂ ಅದೇ ದಾರಿ. ಕೋರ್ಟಿಗೆ ಹೋದ್ರೆ ಗೇಟು ನೀವೇ ತೆಗೀಬೇಕಾಗುತ್ತೆ.”

ಗೇಟು ತೆಗೆಸಿದೆ. ವಿಷಯ ಹೇಳಲು ಓಣಿಯಲ್ಲಿ ನಡೆದು ಮೊದಲ ಸಲ ಅವಳ ಮನೆಗೆ ಹೋದೆ. ಚಾಪೆಯ ಮೇಲೆ ಮೂವರು ಹೆಂಗಸರು ಕಾಫಿ ಕುಡಿಯುತ್ತ ಕೂತಿದ್ದರು. ಅವರಲ್ಲಿ ನನ್ನ ನಾದಿನಿಯೂ ಇದ್ದಳು, ತಲೆ ತಗ್ಗಿಸಿದಳು. ಎಲ್ಲರೂ ನಗುತ್ತ ಆಡುತ್ತಿದ್ದ ಮಾತು ನಾನು ಹೊಸ್ತಿಲಿಗೆ ಬಂದದ್ದೇ ನಿಂತಿತು. ನನ್ನ ಕೋಣೆಯಲ್ಲಿ ಹಾಗೆ ಯಾರೂ ಕೂತವರಿಲ್ಲ. ಬಂದವರನ್ನು ನಾನೇ ಅಳತೆ ತೆಗೆದು ಕಳಿಸಿಬಿಡುತ್ತಿದ್ದೆ.

“ಗೇಟು ತೆಗೆಸಿದೀನಿ,” ಅಂದೆ.

“ಕೂತ್ಕೊಳಿ ಅಕ್ಕ,” ಅಂದಳು. ನಾನು ಕೂರಲಿಲ್ಲ.

ತಿಂಗಳ ಮೇಲೆ ಒಬ್ಬಾಕೆ ರೇಷ್ಮೆ ಸೀರೆ ಹಿಡಿದು ನನ್ನ ಬಾಗಿಲಿಗೆ ಬಂದರು. “ಸೆರಗಿಗೆ ಕುಚ್ಚು ಕಟ್ತೀರಂತೆ. ಹಿಂದಿನ ಮನೆಯೋರು ಹೇಳಿದ್ರು. ನಿಮ್ಮಷ್ಟು ಚೆನ್ನಾಗಿ ಅವ್ರಿಗೆ ಬರಲ್ಲಂತೆ.”

ಆಮೇಲೆ ಇನ್ನೊಬ್ಬರು ಬಂದರು, ಮತ್ತೊಬ್ಬರು. ಈಗ ನಾನು ಹೆಚ್ಚಾಗಿ ಕುಚ್ಚೇ ಕಟ್ಟುತ್ತೇನೆ. ಕೈತುಂಬ ಕೆಲಸವಿದೆ. ಆದರೆ ಬಂದವರೆಲ್ಲ ಅವಳ ಹೆಸರು ಹೇಳಿಕೊಂಡೇ ಬರುತ್ತಾರೆ. ಕೆಲಸ ಕಳಿಸುವಷ್ಟು ದೊಡ್ಡ ಮನಸ್ಸೂ ಅವಳಿಗೇ ಇರಬೇಕಿತ್ತೇ ಎಂದು ಈಗ ಅದಕ್ಕೂ ಹೊಟ್ಟೆಕಿಚ್ಚು ಪಡುತ್ತೇನೆ.